ಉಪ್ಪುಗಾಳಿಗೆ ಹಚ್ಚಿದ ಟೇಪು

ನಾವು ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿದ್ದಾಗ ಮನೆಗೆ ಮೊದಲ ಕಂಪ್ಯೂಟರ್ ಬಂತು. ನಮ್ಮ ಮನೆಯವರು ನೌಕಾಪಡೆಯಲ್ಲಿದ್ದರು. ಹಡಗಿನ ಎಂಜಿನ್ ರೂಮಿನಲ್ಲಿ ಕೆಲಸ. ಸಮುದ್ರದ ಉಪ್ಪುಗಾಳಿಯೆಂದರೆ ಅವರಿಗೆ ಹುಟ್ಟುವೈರಿ. ಕಿಟಕಿಯ ಸರಳು, ಸೈಕಲ್ಲಿನ ಚೈನು, ನನ್ನ ಇಸ್ತ್ರಿಪೆಟ್ಟಿಗೆ, ಎಲ್ಲಿ ತುಕ್ಕು ಕಂಡರೂ ನಿಂತು ಒಂದು ಭಾಷಣ ಬಿಗಿಯುತ್ತಿದ್ದರು. ಕಂಪ್ಯೂಟರ್ ಬಂದ ದಿನವೇ ಅದರ ಡಬ್ಬಿಯ ತೂತುಗಳಿಗೆಲ್ಲ ಕಂದು ಟೇಪು ಹಚ್ಚಿ, ಮೇಲೊಂದು ಪ್ಲಾಸ್ಟಿಕ್ ಕವರು ಹೊದಿಸಿದರು. ನಮ್ಮ ಕಡೆ ಬಾಣಂತಿಗೂ ಅಷ್ಟು ಬಿಗಿಯಾಗಿ ಕಿವಿ ಕಟ್ಟುವುದಿಲ್ಲ.

ಅವರು ಹಡಗು ಹತ್ತಿದರೆ ತಿಂಗಳುಗಟ್ಟಲೆ ಮನೆಯಲ್ಲಿ ನಾನೊಬ್ಬಳೇ. ಅಕ್ಕಪಕ್ಕದವರ ತೆಲುಗು ನನಗೆ ಅರ್ಧಂಬರ್ಧ, ನನ್ನ ಹುಬ್ಬಳ್ಳಿ ಮಾತು ಅವರಿಗೆ ಪೂರ್ತಿ ತಮಾಷೆ. ಹಾಗಾಗಿ ನಾನು ಕಾರ್ ರೇಸ್ ಹಿಡಿದುಕೊಂಡೆ. ಹೊಳೆಯುವ ಕಾರು, ಒದ್ದೆ ರಸ್ತೆ, ತಿರುವಿನಲ್ಲಿ ಕಿರುಚುವ ಟಯರು. ಆ ಹೊತ್ತಿಗೆ ಒಂಟಿತನ ಮರೆತೇ ಹೋಗುತ್ತಿತ್ತು. ಆದರೆ ಎಲ್ಲರನ್ನೂ ಹಿಂದೆ ಹಾಕಿ ಕೊನೆಯ ಸುತ್ತಿಗೆ ಬರುವಷ್ಟರಲ್ಲಿ ಕಂಪ್ಯೂಟರ್ ಟಪ್ಪೆಂದು ಆಫ್. ಹೊಟ್ಟೆ ಉರಿಯದೆ ಇರುತ್ತದೆಯೇ? ಇಸ್ಪೀಟು ಆಡಿದರೆ ಮಾತ್ರ ದಿನವಿಡೀ ತೆಪ್ಪಗೆ ನಡೆಯುತ್ತಿತ್ತು.

"ಅದಕ್ಕೂ ತಿಳೀತೈತಿ, ಹೆಣ್ಣಮಕ್ಕಳು ಯಾವ ಆಟ ಆಡಬೇಕು ಅಂತ," ಎಂದು ರಜೆಗೆ ಬಂದ ಮನೆಯವರು ತೀರ್ಪು ಕೊಟ್ಟರು. ಮೊದಲು ಕರೆಂಟನ್ನು ಬೈದು ಯುಪಿಎಸ್ ತಂದರು. ಆಮೇಲೆ ಆಟದ ಸಿಡಿಯನ್ನು ಬೈದರು. ಕೊನೆಗೆ ನನ್ನನ್ನು. ವಿಜಯವಾಡದ ಒನ್ ಟೌನಿನಲ್ಲಿ ಬ್ಯಾಡಗಿ ಮೆಣಸಿನಕಾಯಿ ಸಗಟು ವ್ಯಾಪಾರ ಮಾಡುತ್ತಿದ್ದ ತಮ್ಮ ಅಣ್ಣನಿಗೆ ಫೋನನ್ನೂ ಮಾಡಿಬಿಟ್ಟರು. "ಇನ್ನೊಮ್ಮೆ ಬಂದ್ ಬಿತ್ತಂದ್ರ ಈ ಕಂಪ್ಯೂಟರ್ ನಿನಗ ಕಳಸ್ತೀನಿ ಅಣ್ಣಾ. ನಿನ್ನ ಅಂಗಡ್ಯಾಗ ಆಟಾ ಆಡೋರು ಯಾರೂ ಇಲ್ಲಲ್ಲ." ನನ್ನನ್ನು ಒಂದು ಮಾತು ಕೇಳಲಿಲ್ಲ. ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ರಿಪೇರಿಯವನು ಬಂದ. "ಗೇಮ್ಸ್ ಆಡಕಂಡಿ ಮೇಡಂ," ಎಂದು, ಆಡಲೇಬೇಡಿ ಎನ್ನುವುದನ್ನು ಬಲು ಮರ್ಯಾದೆಯಿಂದ ಹೇಳಿದ. ಡಬ್ಬಿಯ ಪಕ್ಕದ ತಗಡು ಬಿಚ್ಚಿಟ್ಟು, ವಿಂಡೋಸ್ ಹೊಸದಾಗಿ ಹಾಕಿ, ಆಟ ಶುರು ಮಾಡಿದ. ರೇಸು ಕೊನೆಯವರೆಗೂ ಓಡಿತು. ಗಂಡಸರಿಬ್ಬರೂ ಒಬ್ಬರನ್ನೊಬ್ಬರು ಹೊಗಳಿಕೊಂಡು ಚಹಾ ಕುಡಿದರು. ಹೋಗುವಾಗ ಅವನು ತಗಡು ಮುಚ್ಚಿ, ನೇವಿ ಸಾರ್ ಹಚ್ಚಿದ್ದೆಂಬ ಗೌರವಕ್ಕೆ, ಕಿತ್ತುಬಂದಿದ್ದ ಟೇಪನ್ನು ಮೊದಲಿನಂತೆಯೇ ನೀಟಾಗಿ ಅಂಟಿಸಿದ. ಅವನು ಹೋಗಿ ಸ್ವಲ್ಪ ಹೊತ್ತಾಗಿರಬೇಕು, ನನ್ನ ಕಾರು ಓಡುತ್ತಿದ್ದ ಪರದೆ ಮತ್ತೆ ಕತ್ತಲಾಯಿತು.

ಮನೆಯವರು ಒಳಗೆ ಹೋಗಿ ಪ್ಯಾಕ್ ಮಾಡಲು ರಟ್ಟಿನ ಪೆಟ್ಟಿಗೆ ತಂದರು. ವಿಜಯವಾಡಕ್ಕೆ ಹೊರಟೇಬಿಟ್ಟಿತಲ್ಲ ಎಂದು ಡಬ್ಬಿಯ ಮೇಲೆ ಕೈಯಿಟ್ಟೆ. ರೊಟ್ಟಿಯ ಹಂಚಿನ ಹಾಗೆ ಸುಡುತ್ತಿತ್ತು; ಇಸ್ಪೀಟು ಆಡಿದಾಗ ಇಷ್ಟು ಬಿಸಿಯಾಗಿದ್ದೇ ಇಲ್ಲ. ತೆರೆದಿಟ್ಟಾಗ ಓಡಿದ್ದು, ಮುಚ್ಚಿದ ಮೇಲೆ ನಿಂತಿದ್ದು ಆಗ ನೆನಪಾಯಿತು.

"ಒಂದ್ ಮಾತು ಕೇಳ್ತೀನ್ರಿ," ಎಂದೆ. "ನಿಮ್ಮ ಎಂಜಿನ್ ರೂಮಿಗೂ ಹಿಂಗ ಟೇಪ್ ಹಚ್ಚೇ ಹಡಗ ಓಡಸ್ತೀರೇನು?"

ಅವರು ಡಬ್ಬಿ ಮುಟ್ಟಿ ಕೈ ಹಿಂದೆಳೆದುಕೊಂಡರು. ಟೇಪನ್ನೆಲ್ಲ ನಾನೇ ಪರಪರನೆ ಕಿತ್ತೆ. ಬಿಸಿ ಆರಿದ ಮೇಲೆ ಕೂತವಳು ಸಂಜೆಯವರೆಗೆ ಏಳಲಿಲ್ಲ. ಕಂಪ್ಯೂಟರ್ ಒಮ್ಮೆಯೂ ಕೈಕೊಡಲಿಲ್ಲ.

ಅಷ್ಟರಲ್ಲಿ ಭಾವನವರ ಫೋನ್ ಬಂತು, ಕಂಪ್ಯೂಟರ್ ಯಾವಾಗ ಕಳಿಸುತ್ತೀ ಎಂದು.

"ಇಲ್ಲಣ್ಣಾ, ರಿಪೇರಿ ಆತು," ಎಂದರು ನಮ್ಮ ಮನೆಯವರು, ಎದೆ ಸೆಟೆಸಿ. "ಕೂಲಿಂಗ್ ಪ್ರಾಬ್ಲೆಮ್ ಇತ್ತು. ಎಂಜಿನ್ ನೋಡೋ ಮನಷ್ಯಾ ನಾನು, ಕೈ ಇಟ್ಟ ಕೂಡ್ಲೆ ಗೊತ್ತಾತು."

ನಾನು ಕಾರು ನಿಲ್ಲಿಸಿ, ಎದ್ದು ಹೋಗಿ ರಿಸೀವರ್ ಇಸಿದುಕೊಂಡೆ. "ಭಾವಾರ, ಆ ಟೇಪ್ ಯಾರು ಹಚ್ಚಿದ್ರು ಅಂತನೂ ಕೇಳ್ರಿ," ಎಂದು ಹೇಳಿ ಅದನ್ನು ವಾಪಸ್ ಅವರ ಕೈಗೇ ಕೊಟ್ಟೆ.