ಫಿನ್‌ಲ್ಯಾಂಡಿನ ಆಲ್ಬಮ್ಮಿನಲ್ಲಿ ಭೀಮಪಲಾಸ

ಅಕ್ಕನ ಕತ್ತಿನ ಬುಡದಲ್ಲಿ, ಸರ ಹಾಕಿದರೆ ಅದು ಬಂದು ಕೂರುವ ಜಾಗದಲ್ಲೇ, ಒಂದು ಬಿಳಿಚಿದ ಗೆರೆಯಿತ್ತು. ಥೈರಾಯ್ಡಿನ ಗಡ್ಡೆ ತೆಗೆದ ಗುರುತು. ಅದನ್ನು ಮುಚ್ಚಲು ಅವರು ಶಾಲನ್ನಾಗಲಿ ಎತ್ತರದ ಕಾಲರನ್ನಾಗಲಿ ಹುಡುಕಿದವರಲ್ಲ. ಆದರೆ ಮಾತಾಡುವ ಮೊದಲು ಅವರ ಎರಡು ಬೆರಳು ತಾವಾಗಿಯೇ ಆ ಗೆರೆಯ ಮೇಲೆ ಹೋಗುತ್ತಿದ್ದವು, ಧ್ವನಿ ಒಳಗಿದೆಯೋ ಇಲ್ಲವೋ ಎಂದು ಮುಟ್ಟಿ ನೋಡುವ ಹಾಗೆ. ಇರುತ್ತಿತ್ತು, ಆದರೆ ಒರಟಾಗಿ, ಅರ್ಧ ಗಾಳಿಯಾಗಿ. ಹೊಸಬರು ಯಾರಾದರೂ "ನೆಗಡೀನಾ?" ಎಂದು ಕೇಳಿದರೆ, "ಹೌದರಿ, ಭಾಳ ವರ್ಷದ್ದು" ಎಂದು ನಗುತ್ತಿದ್ದರು.

ಅವರು ಧಾರವಾಡದವರು, ನಾನು ಮಂಡ್ಯದ ಕಡೆಯವಳು. ಸ್ಯಾನ್ ಮಟಿಯೋದಲ್ಲಿ ಇಬ್ಬರದೂ ಒಂದೇ ಅಪಾರ್ಟ್‌ಮೆಂಟು, ಅವರದು ನಮ್ಮ ಮೇಲಿನ ಮಹಡಿ. ಕೆಲಸವೂ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದೇ ಕಂಪನಿಯಲ್ಲಿ. ಅವರು ಲ್ಯಾಬಿನಲ್ಲಿ ಜೀವಕೋಶ ಬೆಳೆಸುವ ವಿಜ್ಞಾನಿ, ನಾನು ಕಟ್ಟಡದ ಇನ್ನೊಂದು ತುದಿಯಲ್ಲಿ ಕಂಪ್ಯೂಟರಿನ ಮುಂದೆ ಕೂರುವವಳು. ನನಗೆ ಲೈಸೆನ್ಸು ಸಿಕ್ಕಿತ್ತು, ಧೈರ್ಯ ಸಿಕ್ಕಿರಲಿಲ್ಲ. ಫ್ರೀವೇ ಎಂದರೆ ಅಂಗೈ ಬೆವರುತ್ತಿತ್ತು. ಅದನ್ನು ಕೇಳಿದ ದಿನವೇ ಅಕ್ಕ, "ನಾಳಿಂದ ನನ್ನ ಕೂಡ ಬಾ" ಎಂದರು. ಹಾಗೆ ಶುರುವಾಯಿತು ನಮ್ಮ ಸ್ನೇಹ.

ಅವರ ಕಾರು ಹಳೆಯದು. ಸಿ.ಡಿ. ಹಾಕುವ ಜಾಗ ಇದೆ ಎಂಬ ಒಂದೇ ಕಾರಣಕ್ಕೆ ಅದನ್ನು ಮಾರದೆ ಇಟ್ಟುಕೊಂಡಿದ್ದರು. ಸಿ.ಡಿ.ಯೂ ಒಂದೇ. ಗಿಟಾರು, ಡ್ರಮ್ಮು, ಒಂದು ಕೀಬೋರ್ಡು, ಗೊತ್ತಿಲ್ಲದ ಭಾಷೆಯಲ್ಲಿ ಹಾಡುವ ಒಬ್ಬ ಹೆಂಗಸು. "ಏನಕ್ಕಾ ಇದು?" ಎಂದರೆ "ಫಿನ್‌ಲ್ಯಾಂಡಿನ ಒಂದು ಬ್ಯಾಂಡು, ಮೊದಲನೇ ಆಲ್ಬಮ್ಮು" ಎಂದಷ್ಟೇ ಹೇಳುತ್ತಿದ್ದರು. ಏರ್‌ಪೋರ್ಟಿನ ಹತ್ತಿರ ವಿಮಾನ ತಲೆಯ ಮೇಲೆ ಹೋದರೆ ಸಂಗೀತ ನಿಲ್ಲಿಸಿ, ಸದ್ದು ಕರಗಿದ ಮೇಲೆ ಮತ್ತೆ ಹಾಕುತ್ತಿದ್ದರು. ಹರಟೆಗೆ ಅವರದೇನೂ ಅಡ್ಡಿಯಿಲ್ಲ. ಒಂದು ಹಾಡು ಬಂದಾಗ ಮಾತ್ರ ಇಬ್ಬರೂ ಸುಮ್ಮನಿರಬೇಕು. ಆ ಹಾಡಿನ ನಡುವೆ ಗಿಟಾರು ತಗ್ಗಿ, ಎಲ್ಲಿಂದಲೋ ಒಂದು ಆಲಾಪ ಏಳುತ್ತಿತ್ತು. ಅಪ್ಪಟ ನಮ್ಮ ಕಡೆಯ ಆಲಾಪ.

ಒಂದು ಬೆಳಿಗ್ಗೆ ತಡೆಯಲಾರದೆ ಕೇಳಿದೆ. "ಅಕ್ಕಾ, ಇದನ್ನ ಹಾಡಿರೋರು ಯಾರು? ಇವರು ನಮ್ಮೋರೇ ಇರ್ಬೇಕು."

ಅವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಹಾಡಿದಾಕಿ ನಾನಾ."

ಅವರು ಫಿನ್‌ಲ್ಯಾಂಡಿನ ಟಾಂಪೆರೆ ಎಂಬ ಊರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಕಾಲವದು. ಮಧ್ಯಾಹ್ನವೇ ಕತ್ತಲಾಗುವ ಚಳಿಗಾಲ. ವಿದ್ಯಾರ್ಥಿಗಳ ವಸತಿಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಯಂತ್ರಗಳು, ಪಕ್ಕದ ಕೋಣೆಯಲ್ಲಿ ಆ ಬ್ಯಾಂಡಿನವರ ಅಭ್ಯಾಸ. ಅಕ್ಕ ಬಟ್ಟೆ ಒಣಗುವ ತನಕ ಒಬ್ಬರೇ ಕುಳಿತು ಭೀಮಪಲಾಸ ರಾಗ ಗುನುಗುತ್ತಿದ್ದರು. ಒಂದು ಸಂಜೆ ಬ್ಯಾಂಡಿನ ಗಾಯಕಿ ಬಾಗಿಲಲ್ಲಿ ನಿಂತು, ಮುಗಿಯುವವರೆಗೂ ಕೇಳಿ, ಕೈ ಹಿಡಿದು ಪಕ್ಕದ ಕೋಣೆಗೆ ಕರೆದುಕೊಂಡು ಹೋದಳಂತೆ.

"ಅವರಿಗೆ ರಾಗ ಗೊತ್ತಿಲ್ಲ, ನನಗ ರಾಕ್ ಗೊತ್ತಿಲ್ಲ. ಏಲಕ್ಕಿ ಹಾಕಿದ ಬನ್ನು ತಿಂದ್ವಿ, ಕಾಫಿ ಕುಡದ್ವಿ, ಹಾಡಿದ್ವಿ. ಅಷ್ಟ."

ಆಲ್ಬಮ್ಮು ಬಂತು. ಆ ಊರಿನ ಆಚೆ ಯಾರೂ ಕೇಳಲಿಲ್ಲ. ಎರಡನೆಯದು ಬರುವ ಮೊದಲೇ ಬ್ಯಾಂಡು ಚದುರಿತು, ಡ್ರಮ್ಮಿನವನು ಬಸ್ಸು ಓಡಿಸತೊಡಗಿದ, ಗಾಯಕಿ ಶಾಲೆಯ ಟೀಚರಾದಳು. ಅಕ್ಕ ಒಂದು ಪ್ರತಿಯನ್ನು ಧಾರವಾಡಕ್ಕೆ ಕಳಿಸಿದ್ದರು. ಅವರ ತಂದೆ ಬೇಸೂರನ್ನು ಸಹಿಸದ ಮನುಷ್ಯ. ಪಕ್ಕದ ಮನೆಯಿಂದ ಪ್ಲೇಯರು ತರಿಸಿ, ಪೂರ್ತಿ ಆಲ್ಬಮ್ಮು ಕೇಳಿ, ಫೋನಿನಲ್ಲಿ ಒಂದೇ ಮಾತು ಹೇಳಿದರಂತೆ: "ನಿಷಾದ ಒಂಚೂರು ಇಳದಾದ." ಕಾರಿನಲ್ಲಿ ಆ ಸ್ವರ ಬಂದಾಗಲೆಲ್ಲ ಅಕ್ಕ ಯಾಕೆ ನಗುತ್ತಾರೆಂದು ನನಗೆ ಆಗ ತಿಳಿಯಿತು.

ಕ್ಯಾನ್ಸರಿನ ಆ ಗಡ್ಡೆ ಬಂದದ್ದು ಅಮೆರಿಕಕ್ಕೆ ಬಂದ ಮೇಲೆ. ಅದು ಧ್ವನಿಯ ನರಕ್ಕೇ ಅಂಟಿಕೊಂಡಿತ್ತು. ಪ್ರಾಣ ಉಳಿಯಿತು, ಮೇಲಿನ ಸ್ವರಗಳು ಹೋದವು. ಮಗಳು ಆಗಿನ್ನೂ ಕೈಕೂಸು. ಅಮ್ಮ ಹಾಡುತ್ತಿದ್ದಳೆಂಬುದೇ ಆ ಹುಡುಗಿಗೆ ತಿಳಿಯದು.

"ಅವಳಿಗೆ ಯಾಕೆ ಹೇಳಿಲ್ಲ ಅಕ್ಕಾ?"

"ಹೇಳಿದ್ರ, ಈಗ ಹಾಡು ಅಂತಾಳ."

ಮರುವರ್ಷ ಆ ಗಾಯಕಿಯಿಂದ ಇಮೇಲು ಬಂತು. ಅವಳ ಮಗ ಬರ್ಕ್ಲಿಯಲ್ಲಿ ಓದುತ್ತಿದ್ದ. ಅವನನ್ನು ನೋಡಲು ಬರುವ ನೆಪದಲ್ಲಿ ಹಳೆಯ ಗೆಳೆಯರೆಲ್ಲ ಒಟ್ಟಿಗೆ ಬಂದು, ಅಲ್ಲಿಯ ಫಿನ್‌ಲ್ಯಾಂಡಿನವರಿಗಾಗಿ ಆ ಆಲ್ಬಮ್ಮನ್ನು ಮೊದಲಿಂದ ಕೊನೆಯವರೆಗೆ ನುಡಿಸುವುದೆಂದು ತೀರ್ಮಾನವಾಗಿತ್ತು. ನೀನು ಹಾಡಬೇಕು ಎಂದಿದ್ದಳು. ನನ್ನ ಧ್ವನಿ ಹೋಗಿದೆ ಎಂದು ಅಕ್ಕ ಉತ್ತರಿಸಿದರು. ಅವಳು ತಕ್ಷಣ ಫೋನು ಮಾಡಿ, ನನ್ನದೂ ಮೊದಲಿನ ಹಾಗಿಲ್ಲ, ಈಗ ಏನಿದೆಯೋ ಅದರಲ್ಲಿ ಹಾಡು ಎಂದಳಂತೆ.

ಇದನ್ನು ನನಗೆ ಹೇಳುವಾಗ ಅಕ್ಕನಿಗೆ ಸಿಟ್ಟು ಬಂದಿತ್ತು. "ಇದ್ದದ್ದರಾಗ ಹಾಡು ಅಂತ! ಏನದ ಇಲ್ಲಿ?"

ನಾನು ಹೆದರುತ್ತಲೇ ಹೇಳಿದೆ. "ಮೇಲೆ ಹೋಗಕ್ಕಾಗ್ದಿದ್ರೆ ಕೆಳಗೇ ಹಾಡಿ ಅಕ್ಕಾ."

"ನಿನಗ ಸಂಗೀತ ಗೊತ್ತಿಲ್ಲ."

"ಗೊತ್ತಿಲ್ಲ. ನಂಗೆ ನೀವು ಹಾಡೋದು ಕೇಳ್ಬೇಕು, ಅಷ್ಟೆ."

ಮರುದಿನ ಬೆಳಿಗ್ಗೆ ಪಾರ್ಕಿಂಗಿನಲ್ಲಿ ಕೀಲಿಕೈಯನ್ನು ನನ್ನ ಕೈಗೆ ಹಾಕಿದರು. "ನೀ ನಡಸು. ಹಾಡಿಕೋತ ಗಾಡಿ ನಡಸಲಿಕ್ಕೆ ನನಗಾಗೂದಿಲ್ಲ."

ಫ್ರೀವೇಗೆ ಸೇರುವ ತಿರುವಿನಲ್ಲಿ ನಾನು ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಹೋದೆ. ಪಕ್ಕದಲ್ಲಿ ಅಕ್ಕ ಷಡ್ಜ ಹಿಡಿಯಲು ಹೋಗಿ ಕೆಮ್ಮಿದರು. ಮತ್ತೆ ಹಿಡಿದರು, ಅದು ಒಡೆಯಿತು. ಅವರಿಗೆ ನನ್ನನ್ನು ನೋಡುವ ಪುರುಸೊತ್ತಿಲ್ಲ, ನನಗೆ ಅವರನ್ನು ನೋಡುವ ಧೈರ್ಯವಿಲ್ಲ. ಹಿಂದಿನ ಲಾರಿ ಹಾರ್ನ್ ಹೊಡೆದಾಗ ಮಾತ್ರ ಅವರು ಹಾಡು ನಿಲ್ಲಿಸಿ, "ಹೆದರಿ ನಿಧಾನ ಆಗಬ್ಯಾಡ, ಮುಂದ ನಡಿ" ಎಂದು ಮತ್ತೆ ಸ್ವರಕ್ಕೆ ಹೋದರು. ಹೀಗೆ ಬೇಸಿಗೆಯಿಡೀ ನಡೆಯಿತು. ನನ್ನ ಅಂಗೈ ಬೆವರುವುದು ಯಾವಾಗ ನಿಂತಿತೋ ತಿಳಿಯಲಿಲ್ಲ. ಅಕ್ಕನ ಆಲಾಪ ಒಂದು ಸಪ್ತಕ ಕೆಳಗಿಳಿದು, ಅಲ್ಲಿ ನೆಲೆ ಹುಡುಕಿಕೊಂಡಿತು. ಮೊದಲಿನಂತೆ ಅದು ಹಾರುತ್ತಿರಲಿಲ್ಲ. ಒಂದೊಂದು ಸ್ವರದ ಮೇಲೂ ನಿಂತು, ಉಸಿರು ಕೂಡಿಸಿಕೊಂಡು ನಡೆಯುತ್ತಿತ್ತು.

ಬರ್ಕ್ಲಿಯ ಆ ಸಭಾಂಗಣ ಹಳೆಯ ಮರದ್ದು. ತಲೆ ನರೆತ ಫಿನ್‌ಲ್ಯಾಂಡಿನವರು ಕಾಫಿ ಹಿಡಿದು ಕುಳಿತಿದ್ದರು. ಅಕ್ಕನ ಮಗಳು ಒಲ್ಲದ ಮನಸ್ಸಿನಿಂದ ಬಂದು, ನನ್ನ ಮತ್ತು ತನ್ನ ಅಪ್ಪನ ನಡುವೆ ಫೋನು ನೋಡುತ್ತ ಕೂತಿದ್ದಳು. ಅಮ್ಮ ಹಳೆಯ ಗೆಳತಿಯನ್ನು ನೋಡಲು ಬಂದಿದ್ದಾಳೆ ಎಂದಷ್ಟೇ ಅವಳಿಗೆ ಗೊತ್ತು.

ಆ ಹಾಡು ಬಂತು. ಅಕ್ಕ ಎದ್ದು ಮೈಕಿನ ಮುಂದೆ ಹೋದರು. ಗಿಟಾರು ತಗ್ಗಿತು. ಮೊದಲ ಸ್ವರ ಬಂತು, ಎರಡನೆಯದು ಬಂತು, ಮಧ್ಯಮದ ಹತ್ತಿರ ಧ್ವನಿ ತಟ್ಟನೆ ನಿಂತೇಹೋಯಿತು. ಅಕ್ಕ ಕಣ್ಣು ಮುಚ್ಚಿದರು. ಗಾಯಕಿ ಬ್ಯಾಂಡಿನತ್ತ ಬರೀ ತಲೆಯಾಡಿಸಿದಳು. ವಾದ್ಯದವರು ನಿಲ್ಲಿಸಲಿಲ್ಲ, ಅದೇ ನಾಲ್ಕು ಸಾಲನ್ನು ಮೆಲ್ಲಗೆ ಸುತ್ತಿ ಸುತ್ತಿ ನುಡಿಸುತ್ತ ಕಾದರು. ಅಕ್ಕ ಮತ್ತೆ ತಳದಿಂದ ಎತ್ತಿಕೊಂಡರು. ಈ ಸಲ ಧ್ವನಿ ದಾಟಿತು.

ಹುಡುಗಿಯ ಫೋನು ಮಡಿಲಿಗೆ ಬಿದ್ದಿತ್ತು. "ಆಂಟಿ, ಕಾರಿನ ಸಿ.ಡಿ... ಈಸ್ ದಟ್ ಅಮ್ಮ?" ನಾನು ಹೌದೆಂದು ತಲೆಯಾಡಿಸಿದೆ.

ಮುಗಿದ ಮೇಲೆ ಅವಳು ನೇರ ಅಮ್ಮನ ಎದುರು ಹೋಗಿ ನಿಂತಳು. ಅವಳ ಬಾಯಲ್ಲಿ ಅದುವರೆಗೆ ನಾನು ಕನ್ನಡದ ಒಂದು ಪೂರ್ತಿ ವಾಕ್ಯ ಕೇಳಿರಲಿಲ್ಲ. ಅಂದು ಬಂದದ್ದು ಧಾರವಾಡದ ಕನ್ನಡ.

"ನನಗ್ಯಾಕ ಹೇಳಲಿಲ್ಲ?"

"ನೀ ಕೇಳಲಿಲ್ಲಲ್ಲವಾ."

"ಗೊತ್ತಿದ್ರ ತಾನ ಕೇಳೂದು!" ಎಂದವಳೇ ಅಳತೊಡಗಿದಳು. ಅಕ್ಕ ಅವಳನ್ನು ಎಳೆದು ಅಪ್ಪಿಕೊಂಡು ನಿಂತರು.

ಆಮೇಲೆ ಮೇಲಿನ ಮಹಡಿಯಿಂದ ಭಾನುವಾರಗಳಂದು ಎರಡು ಧ್ವನಿ ಕೇಳಿಬರುತ್ತಿದ್ದವು. ಅದು ತುಂಬ ಕಾಲ ನಡೆಯಲಿಲ್ಲ. ಕಾಯಿಲೆ ಶ್ವಾಸಕೋಶದಲ್ಲಿ ಮತ್ತೆ ಕಾಣಿಸಿಕೊಂಡಿತು. ಅಕ್ಕ ಲ್ಯಾಬಿನ ಕೆಲಸವನ್ನು ಕಿರಿಯರಿಗೆ ಒಪ್ಪಿಸಿ ಮನೆಯಲ್ಲಿ ಉಳಿದರು. ಆಫೀಸು ಮುಗಿಸಿ ನಾನು ಹೋದರೆ ಅವರ ಯಜಮಾನರು ಬಾಗಿಲು ತೆಗೆದು, ಚಹಾ ಇಟ್ಟು, ಪಕ್ಕದ ಕೋಣೆಗೆ ಹೋಗಿಬಿಡುತ್ತಿದ್ದರು. ಅಕ್ಕನ ಮಾತು ಪಿಸುಮಾತಿಗೆ ಇಳಿದಿತ್ತು.

ಅವರು ತೀರಿಕೊಂಡದ್ದು ವಸಂತದ ಒಂದು ಬೆಳಿಗ್ಗೆ, ಮಗಳು ಕೈ ಹಿಡಿದು ಕೂತಿದ್ದಾಗ. ಅದಕ್ಕೆ ಸ್ವಲ್ಪ ದಿನ ಮುಂಚೆ ನಾನು ಹೋದಾಗ, ಸನ್ನೆ ಮಾಡಿ ಹತ್ತಿರ ಕರೆದರು.

"ಇಷ್ಟು ದಿನ ನಾನಾ ಹಾಡೇನಿ. ನಿನ್ನ ಹಾಡು ಒಂದಿನಾನೂ ಕೇಳಲಿಲ್ಲ ನೋಡು. ಹಾಡು."

"ಅಯ್ಯೋ, ನಂಗೇನು ಬರತ್ತೆ ಅಕ್ಕಾ?"

"ಏನರೆ ಬರತದ."

ನಮ್ಮಮ್ಮ ಅಡುಗೆಮನೆಯಲ್ಲಿ ಹೇಳಿಕೊಳ್ಳುತ್ತಿದ್ದ ಒಂದು ಹಾಡು ನೆನಪಾಯಿತು. ಯಾರೆದುರೂ ಹಾಡಿದವಳಲ್ಲ ನಾನು. ಮೊದಲ ಸಾಲು ನಡುಗಿತು, ಎರಡನೆಯ ಸಾಲಿನಲ್ಲಿ ಪದಗಳು ಕಲಸಿಹೋದವು. ನಿಲ್ಲಿಸೋಣ ಎಂದು ಅಕ್ಕನ ಮುಖ ನೋಡಿದೆ. ದಿನದ ಬಹುಪಾಲು ಮಂಪರಿನಲ್ಲೇ ಕಳೆಯುತ್ತಿದ್ದವರು, ನಾನು ಹಾಡಿ ಮುಗಿಸುವವರೆಗೆ ಕಣ್ಣು ಮುಚ್ಚಲಿಲ್ಲ. ಅಷ್ಟು ಗಮನವಿಟ್ಟು ನನ್ನ ಧ್ವನಿಯನ್ನು ಅದುವರೆಗೆ ಯಾರೂ ಕೇಳಿಸಿಕೊಂಡಿರಲಿಲ್ಲ.