ಕೈ ನಿಂತವನಿಗೆ ಮಶೀನ್

ಚಹಾದ ಮೇಜಿನ ಮೇಲೆ, ನಮಗೆ ಕೆಲಸ ಕಲಿಸಬೇಕಿದ್ದ ಉಸ್ತಾದರು ತಮ್ಮ ಎರಡೂ ಕೈಗಳನ್ನು ಅಗಲಿಸಿ ಇಟ್ಟರು. ಉಗುರುಗಳಲ್ಲಿ ಎಣ್ಣೆಯ ಕಪ್ಪು, ಎಡಗೈ ಮೇಲೊಂದು ಹಳೆಯ ಸುಟ್ಟ ಕಲೆ. ಸುತ್ತ ಕೂತವರು ಅಂದೇ ಕೆಲಸಕ್ಕೆ ಸೇರಿದ ನಾವು ನಾಲ್ವರು: ಕಲಬುರಗಿ ಕಡೆಯ ಮೂವರು, ಸಾತಾರೆಯವನೊಬ್ಬ.

"ಎಣಸ್ರಿ," ಅಂದರು.

ಹತ್ತೂ ಬೆರಳಿದ್ದವು. ಅದರಲ್ಲೇನು ಅನ್ನಬೇಡಿ. ಪುಣೆ ಹತ್ತಿರದ ಭೋಸರಿಯ ಆ ಪ್ರೆಸ್ ಶಾಪಿನಲ್ಲಿ ತಗಡನ್ನು ಅಚ್ಚಿನ ಮೇಲಿಟ್ಟು ಪೆಡಲ್ ತುಳಿದರೆ ಮೇಲಿನಿಂದ ಕಬ್ಬಿಣದ ದಿಮ್ಮಿ ಬಂದು ಕುಕ್ಕುತ್ತದೆ. ಹಳಬರಲ್ಲಿ ಹತ್ತನ್ನೂ ಉಳಿಸಿಕೊಂಡವರು ಅವರೊಬ್ಬರೇ.

ಮಾತಾಡುತ್ತಲೇ ಮೇಜಿನ ಅಂಚಿನಿಂದ ಒಂದು ವಾಷರ್ ಬೀಳಿಸಿದರು. ನಾನು ಗಕ್ಕನೆ ಹಿಡಿದು, ಶಾಭಾಸ್ ಅಂದಾರು ಎಂದು ಹಲ್ಲು ಬಿಟ್ಟೆ.

"ಭಾರಿ ಚುರುಕದೀ ತಮ್ಮಾ. ಇವತ್ತ ನಿನಗ ಮಶೀನ್ ಇಲ್ಲ, ಝಾಡೂ ಹೊಡಿ. ತಗಡು ಜಾರಿದಾಗ ಕೈ ಯಾರನ್ನೂ ಕೇಳಂಗಿಲ್ಲ, ಹಿಡಿಯಾಕ ಹೋಗೇಬಿಡ್ತದ. ಬೀಳೋದು ಬೀಳಲಿ. ಕೈ ನಿಂತವಗಷ್ಟ ಮಶೀನ್."

ಹನ್ನೊಂದು ದಿನ ಅವರು ವಾಷರ್ ಬೀಳಿಸಿದರು, ನಾನು ಹಿಡಿದೆ, ಕಸ ಗುಡಿಸಿದೆ. ಹನ್ನೆರಡನೆಯ ದಿನ ನನ್ನ ಕೈ ನಿಂತಿತು, ವಾಷರ್ ನೆಲಕ್ಕೆ ಬಿದ್ದು ಕಪಾಟಿನಡಿ ಉರುಳಿತು. ತಾವೇ ಬಗ್ಗಿ ಹುಡುಕಿ ತೆಗೆದು, "ನಡಿ," ಅಂದರು. ಅಷ್ಟೇ.

ಸಿಟ್ಟಿನಲ್ಲೂ ಅವರದು ಇದೇ ರೀತಿ. ಒಮ್ಮೆ ಮ್ಯಾನೇಜರ್ ಎಲ್ಲರೆದುರು ಮರಾಠಿಯಲ್ಲಿ ಹಿಗ್ಗಾಮುಗ್ಗಾ ಬೈದ. ಉಸ್ತಾದರು ಚಾಳೀಸು ತೆಗೆದು ಅಂಗಿ ತುದಿಯಿಂದ ನಿಧಾನ ಒರೆಸಿ ಮತ್ತೆ ಹಾಕಿಕೊಂಡು, "ಸಾಹೇಬ್, ಚಹಾ ಘ್ಯಾ," ಚಹಾ ತಗೊಳ್ಳಿ, ಅಂದರು. ಬೈಗುಳ ಅಲ್ಲಿಗೇ ನಿಂತಿತು.

ಅಂಥವರು ಕೆಲವು ವರ್ಷಗಳ ಮೇಲೆ ಒಂದು ಮಳೆಗಾಲ ಸ್ವಾರಗೇಟ್ ಹತ್ತಿರ ಬೈಕ್ ಜಾರಿ ಬಿದ್ದರು. ಪೆಟ್ಟು ಹಣೆಗೆ. ಆಸ್ಪತ್ರೆಯಿಂದ ಬಂದ ಮೇಲೆ ನೋಡಲು ಹೋದೆ. ಅವರ ಹೆಂಡತಿ, ನಮಗೆಲ್ಲ ವೈನಿ, ಬಾಗಿಲಲ್ಲೇ ತಡೆದು ತಗ್ಗಿದ ದನಿಯಲ್ಲಿ ಹೇಳಿದರು: "ಕೈಕಾಲು ಛಲೋ ಅದಾವ. ಆದ್ರ ಹಣಿ ಹಿಂದ, ಮೆದುಳಿನ ಮುಂದಿನ ಭಾಗದಾಗ, 'ತಡಿ' ಅಂತ ಹೇಳೋ ಜಾಗಾ ಇರ್ತದಂತ. ಪೆಟ್ಟು ಅಲ್ಲೇ ಬಿದ್ದದಂತ ಡಾಕ್ಟರ್ ಅಂದ್ರು. ನಿನ್ನೆ ಮಗ್ಗಲ ಮನಿಯವ್ರ ತಾಟಿನ್ಯಾಗ ಕೈ ಹಾಕಿ ಚಕಲಿ ತಿಂದ್ರಪಾ. ಇವರು!"

ಮೂರು ತಿಂಗಳಿಗೆ ಕೆಲಸಕ್ಕೆ ಯೋಗ್ಯರೆಂಬ ಕಾಗದ ಹಿಡಿದು ಬಂದರು. ಕಣ್ಣು ಸರಿ, ಕೈ ಸರಿ ಎಂದು ಅದರಲ್ಲಿ ಬರೆದಿತ್ತು. ಅಷ್ಟರಲ್ಲಿ ಪಾಳಿಯ ಉಸ್ತುವಾರಿ ನನ್ನ ಮೇಲೆ ಬಿದ್ದಿತ್ತು. ಅವರು ಏಪ್ರನ್ ಕಟ್ಟಿಕೊಂಡು ತಮ್ಮ ಹಳೆಯ ಮಶೀನಿನ ಮುಂದೆ ನಿಂತಾಗ ಎಲ್ಲರೂ ನನ್ನತ್ತ ತಿರುಗಿದರು. ಬೇಡ ಅಂದರೆ ಗುರುವನ್ನು ಹೊರಗಟ್ಟಿದಂತೆ. ಹೂಂ ಅಂದರೆ ಆ ಕೈ ಹೋಗುತ್ತದೆ.

"ಚಹಾ ಕುಡದು ಶುರು ಮಾಡೂಣ್ರಿ ಉಸ್ತಾದ್," ಅಂದೆ. ನನ್ನ ಕಿಸೆಯಲ್ಲಿ ಒಂದು ವಾಷರ್ ಇತ್ತು.

ಮೇಜಿನ ಅಂಚಿನಿಂದ ಬಿಟ್ಟೆ. ಅವರ ಕೈ ಹದ್ದಿನಂತೆ ಬಂದು ಹಿಡಿಯಿತು. ನಕ್ಕರು. ನಗು ಅರ್ಧಕ್ಕೆ ನಿಂತಿತು.

"ಇನ್ನೊಮ್ಮೆ," ಅಂದರು.

ಮತ್ತೆ ಹಿಡಿದರು.

"ಇನ್ನೊಮ್ಮೆ ಬಿಡು ಲೇ."

ಈ ಸಲ ಬಲಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡರು. ಎಡಗೈ ಹೋಗಿ ಹಿಡಿಯಿತು.

ಚಹಾದ ಗ್ಲಾಸು ನನ್ನ ಕಿವಿಯ ಪಕ್ಕದಿಂದ ಹಾರಿ ಗೋಡೆಗೆ ಬಡಿದು ಪುಡಿಯಾಯಿತು. "ನನಗ ಕಲಿಸಾಕ ಬಂದೀ ಏನಲೇ?"

"ನೀವ ಕಲಿಸಿದ್ದರೀ," ಅಂದೆ.

ಎಡಗೈ ತೆರೆದು ವಾಷರನ್ನು ನೋಡಿದರು. ಆಮೇಲೆ ಏಪ್ರನ್ನಿನ ಗಂಟು ಬಿಚ್ಚತೊಡಗಿದರು.

"ಇವತ್ತ ನನಗ ಮಶೀನ್ ಇಲ್ಲ," ಅಂದರು. "ಝಾಡೂ ಎಲ್ಲದ?"

ಮರುದಿನ ಪಾಳಿಯ ಭೋಂಗಾ ಕೂಗುವ ಮೊದಲೇ ಬಂದು ಮೇಜಿನ ಮುಂದೆ ಕೂತಿದ್ದರು. "ಬಿಡಪಾ," ಅಂದರು. ಬಿಟ್ಟೆ. ಹಿಡಿದರು. ತಾವಾಗಿ ಎದ್ದು ಹೋಗಿ ಝಾಡೂ ತೆಗೆದುಕೊಂಡರು. ಒಳಗೆ ತಡೆಯುವವರಿಲ್ಲವಾದ ಮೇಲೆ ತಾವೇ ಮಾಡಿದ ಕಟ್ಟಳೆಗೆ ತಮ್ಮನ್ನು ಒಪ್ಪಿಸಿಕೊಂಡಿದ್ದರು. ನಿವೃತ್ತಿಯವರೆಗೆ ಎರಡು ವರ್ಷ ಹೀಗೇ ನಡೆಯಿತು. ಒಂದು ದಿನವೂ ವಾಷರ್ ನೆಲಕ್ಕೆ ಬೀಳಲಿಲ್ಲ. ಒಂದು ದಿನವೂ ಅವರು ಮಶೀನ್ ಮುಟ್ಟಲಿಲ್ಲ.

ಹೋದ ವರ್ಷ ತೀರಿಕೊಂಡರು. ಮಣ್ಣಿಗೆ ಒಯ್ಯುವ ಮೊದಲು ವೈನಿ ಅವರ ಎರಡೂ ಕೈಗಳನ್ನು ಎದೆಯ ಮೇಲಿಟ್ಟು, ಮಡಚಿಕೊಂಡಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು, ಹತ್ತನ್ನೂ.