ನನಗಿಂತ ಮೊದಲೇ ಬಂದಿದ್ದ ನನ್ನ ಬೀಗ

ಯಾರಾದರೂ ವಿಚಿತ್ರ ಅನುಭವ ಅಂತ ಬಾಯಿ ತೆರೆದರೆ ಮೊದಲು ನಗುವವನು ನಾನೇ ಆಗಿದ್ದೆ. ನನ್ನದು ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ. ರಕ್ತದಲ್ಲಿ ಸಕ್ಕರೆ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ, ನಡುವೆ ದೆವ್ವಕ್ಕೆ ಎಲ್ಲಿ ಜಾಗ ಎಂದು ಗೆಳೆಯರನ್ನು ಕಾಡುತ್ತಿದ್ದೆ. ಈಗಲೂ ನಾನು ದೆವ್ವವನ್ನು ನಂಬುವುದಿಲ್ಲ. ಆದರೆ ಏಳು ವರ್ಷಗಳ ಹಿಂದೆ ಒಂದು ಭಾನುವಾರ ಬೆಳಗಾವಿಯಲ್ಲಿ ನಡೆದದ್ದು ಇಂದಿಗೂ ನನ್ನ ಯಾವ ವಾದಕ್ಕೂ ಬಗ್ಗಿಲ್ಲ. ಅಮಾವಾಸ್ಯೆಯೂ ಇರಲಿಲ್ಲ, ಕತ್ತಲೆಯೂ ಇರಲಿಲ್ಲ. ಮಧ್ಯಾಹ್ನದ ಮೂರೂವರೆಯ ಬಿಸಿಲಿತ್ತು.

ನನ್ನ ಊರು ಖಾನಾಪುರ. ಮನೆಯಲ್ಲಿ ದಖನಿ ಉರ್ದು, ಓಣಿಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಹೀಗೆ ಮೂರು ಬಾಯಿಟ್ಟುಕೊಂಡು ಬೆಳೆದವನು. ಅಬ್ಬಾ, ಅಂದರೆ ನನ್ನ ತಂದೆ, ಪೇಟೆಯಲ್ಲಿ ಬೀಗ ರಿಪೇರಿ ಮಾಡುತ್ತಾರೆ. ಅವರ ಕೆಲಸದಲ್ಲಿ ಒಂದು ಹಟವಿದೆ. ಕೈಗೆ ಬಂದ ಹಳೆಯ ಬೀಗದ ಹೊಟ್ಟೆ ಬಿಚ್ಚಿ, ಒಳಗಿನದೆಲ್ಲ ಬದಲಿಸಿ, ತಾವೇ ಅರದಿಂದ ತಿಕ್ಕಿದ ಒಂದೇ ಒಂದು ಕೀಲಿಕೈಗೆ ಮಾತ್ರ ಅದು ತೆರೆಯುವಂತೆ ಮಾಡುತ್ತಾರೆ. ಎರಡನೆಯ ಕೀಲಿಕೈ ಕೇಳಿದ ಗಿರಾಕಿಗೆ ಬೈಗುಳ ಖಚಿತ. ಕೊನೆಗೆ ಬೀಗದ ತಳಕ್ಕೆ ಅರದಿಂದ ಮೂರು ಸಣ್ಣ ಗೀರು ಹಾಕಿದರೆ ಅದು ಅಬ್ಬಾರ ಸಹಿ.

ನಾನು ಓದಲು ಬೆಳಗಾವಿಗೆ ಹೊರಟಾಗ ಟ್ರಂಕಿಗೆ ಅಂತಹ ಒಂದು ಹಿತ್ತಾಳೆ ಬೀಗ ಕೊಟ್ಟಿದ್ದರು. ಡಿಗ್ರಿ ಮುಗಿದು ಹಾಸ್ಟೆಲ್ ಖಾಲಿ ಮಾಡುವ ದಿನ ನೋಡಿದರೆ ಬೀಗವೇ ಇಲ್ಲ. ಹಾಸಿಗೆ ಕೊಡವಿದೆ, ಕಪಾಟು ಸರಿಸಿದೆ, ಸಿಗಲಿಲ್ಲ. ಕೀಲಿಕೈ ಮಾತ್ರ ನನ್ನ ಗೊಂಚಲಿನಲ್ಲಿ ಉಳಿಯಿತು. ಅಬ್ಬಾರಿಗೆ ಹೇಳುವ ಧೈರ್ಯ ನನಗಿರಲಿಲ್ಲ.

ಆಮೇಲೆ ಬೆಳಗಾವಿಯ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡುವವರು ಬೆಳಿಗ್ಗೆ ಆರಕ್ಕೇ ಬಂದು ಸಾಲು ಹಿಡಿಯುತ್ತಾರೆ. ಖಾನಾಪುರದ ಮೊದಲ ಬಸ್ಸು ಎಷ್ಟು ಓಡಿದರೂ ನನ್ನನ್ನು ಆರಕ್ಕೆ ಮುಟ್ಟಿಸುತ್ತಿರಲಿಲ್ಲ. ಒಂದು ತಿಂಗಳು ಸಹಿಸಿಕೊಂಡ ಲ್ಯಾಬಿನ ಡಾಕ್ಟರು ಶುಕ್ರವಾರ ನನ್ನನ್ನು ಕರೆದು, ಸೋಮವಾರ ಆರಕ್ಕೆ ನೀನು ಟೇಬಲ್ಲಿನ ಮುಂದೆ ಇರದಿದ್ದರೆ ಇನ್ನೊಬ್ಬನನ್ನು ಕೂರಿಸುತ್ತೇನೆ ಎಂದರು. ಸಿಟ್ಟಿನಿಂದ ಹೇಳಲಿಲ್ಲ, ಅದಕ್ಕೇ ಹೆಚ್ಚು ಹೆದರಿದೆ. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವನೂ, ತಿಂಗಳಿಗೆ ಪಗಾರ ಕಂಡವನೂ ನಾನೇ ಮೊದಲಿಗ. ಭಾನುವಾರದೊಳಗೆ ಒಂದು ಕೋಣೆ ಸಿಗಲೇಬೇಕಿತ್ತು.

ಭಾನುವಾರ ಬೆಳಿಗ್ಗೆಯಿಂದ ಮಹಾಂತೇಶ ನಗರ ಪೂರ್ತಿ ಅಳೆದೆ. ಒಳ್ಳೆಯ ಕೋಣೆಗಳ ಬಾಡಿಗೆ ಕೇಳಿದರೆ ನನ್ನ ಪಗಾರಕ್ಕೇ ಜ್ವರ ಬರುತ್ತಿತ್ತು. ಕೈಗೆಟುಕುವ ಕಡೆ ಎರಡನೆಯ ಪ್ರಶ್ನೆ ಹೆಸರಿನದು. ನನ್ನ ಹೆಸರು ಕೇಳಿದ ಕೂಡಲೇ ಖಾಲಿ ಇದ್ದ ಕೋಣೆ ತುಂಬಿಬಿಡುತ್ತಿತ್ತು. ಒಬ್ಬರ ಅಳಿಯ ಬರುವವನಿದ್ದ, ಒಬ್ಬರಿಗೆ ಸುಣ್ಣ ಬಳಿಸಬೇಕಿತ್ತು, ಮೂವರ ಮಗಳು ಬಾಣಂತನಕ್ಕೆ ಬರುವವಳಿದ್ದಳು. ಬೆಳಗಾವಿಯ ಇಷ್ಟು ಹೆಣ್ಣುಮಕ್ಕಳು ಒಮ್ಮೆಗೇ ಬಸುರಿಯಾಗಿದ್ದು ನನಗೆ ಗೊತ್ತೇ ಇರಲಿಲ್ಲ. ಯಾರೂ ಕೆಟ್ಟ ಮಾತಾಡಲಿಲ್ಲ, ಒಬ್ಬರಂತೂ ಚಹಾ ಕೊಟ್ಟು ಕಳಿಸಿದರು.

ಹಾಸ್ಟೆಲಿನಲ್ಲಿ ನನ್ನ ಜೊತೆಗಿದ್ದ, ಹಲಸಿ ಊರಿನ ಗೆಳೆಯನಿಗೆ ಫೋನ್ ಮಾಡಿ ಗೋಳು ಹೇಳಿಕೊಂಡೆ. ಅವನು, ರಾಜು ಅಂತ ಹೇಳು, ಒಮ್ಮೆ ಒಳಗೆ ಹೊಕ್ಕ ಮೇಲೆ ಯಾರು ಕೇಳುತ್ತಾರೆ ಎಂದ. ಸಿಟ್ಟು ಬಂದು ಫೋನ್ ಇಟ್ಟೆ. ಆದರೆ ಶಿವಬಸವ ನಗರ ಮುಟ್ಟುವ ಹೊತ್ತಿಗೆ ಆ ಸಿಟ್ಟೂ ದಣಿದಿತ್ತು. ಚಹಾ ಅಂಗಡಿಯವನು, ರೊಟ್ಟಿ ಮಾಡಿ ಮಾರುವ ನೀಲಮ್ಮನವರ ಮಾಳಿಗೆಯ ಮೇಲೆ ಒಂದು ಕೋಣೆ ಇದೆ, ಕೇಳಿ ನೋಡು ಎಂದ. ಅವರ ಮನೆಯವರೆಗೆ ನಡೆಯುತ್ತಾ ರಾಜು, ರಾಜು ಎಂದು ಬಾಯಿಪಾಠ ಮಾಡಿಕೊಂಡೆ. ಇದನ್ನು ಬರೆಯುವಾಗ ಇಂದಿಗೂ ನಾಚಿಕೆಯಾಗುತ್ತದೆ.

ಬಾಗಿಲು ತೆರೆದವರಿಗೆ ಅರವತ್ತು ದಾಟಿರಬೇಕು. ಹಣೆಯಲ್ಲಿ ವಿಭೂತಿ, ಮೊಣಕೈವರೆಗೆ ಜೋಳದ ಹಿಟ್ಟು. ನಾನಿನ್ನೂ ಬಾಯಿ ತೆರೆದಿರಲಿಲ್ಲ.

“ಬಂದ್ಯೇನಪಾ ತಮ್ಮಾ? ಎಷ್ಟ ಹಾದಿ ಕಾಯಾಕ ಹಚ್ಚಿದಿ. ಮೂರು ಮಂದಿ ಬಂದು ಕೇಳಿದ್ರು, ಕೀಲಿ ಬಿದ್ದೈತಿ ಅಂತ ತಿರುಗಿ ಕಳಿಸೇನಿ.”

ನಮ್ಮ ಕಡೆ ಮಾತಿನಲ್ಲಿ ಬೀಗಕ್ಕೆ ಕೀಲಿ ಎನ್ನುತ್ತಾರೆ. ಆ ಓಣಿಗಳಲ್ಲಿ ಸಣ್ಣ ಕೋಣೆಗಳಿಗೆ ಕರಾರು ಪತ್ರ ಇರುವುದಿಲ್ಲ. ಒಪ್ಪಿದವನು ತನ್ನ ಬೀಗ ತಂದು ಹಾಕಿ ಹೋದರೆ ಮುಗಿಯಿತು, ಆಮೇಲೆ ಮನೆಯವರು ಯಾರಿಗೂ ಕೋಣೆ ತೋರಿಸುವುದಿಲ್ಲ. ನಾನು ಹಾಗೆ ಹಾಕಿ ಹೋಗಿದ್ದೇನೆ ಎನ್ನುವುದು ನೀಲಮ್ಮನವರ ಮಾತು. ಗುರುವಾರ ಹನ್ನೊಂದಕ್ಕೆ ಬಂದೆನಂತೆ, ಬಾಡಿಗೆ ಒಪ್ಪಿದೆನಂತೆ, ಕಸಬರಿಗೆ ಇಸಿದುಕೊಂಡು ಕೋಣೆ ಗುಡಿಸಿ, ಬೀಗ ಹಾಕಿ, ಭಾನುವಾರ ಬರುತ್ತೇನೆ ಎಂದೆನಂತೆ. ಅವರು ಹೇಳಿದ ಬಾಡಿಗೆ, ಇದಕ್ಕಿಂತ ಮೇಲೆ ನನ್ನಿಂದಾಗದು ಎಂದು ನಾನು ಮನಸ್ಸಿನಲ್ಲೇ ಗೆರೆ ಎಳೆದುಕೊಂಡಿದ್ದ ಮೊತ್ತವೇ ಆಗಿತ್ತು. ಅದನ್ನು ನಾನು ಯಾರ ಮುಂದೆಯೂ ಆಡಿರಲಿಲ್ಲ.

ಗುರುವಾರ ಹನ್ನೊಂದಕ್ಕೆ ನಾನು ಲ್ಯಾಬಿನಲ್ಲಿ ಜನರ ತೋಳಿಗೆ ಸೂಜಿ ಚುಚ್ಚುತ್ತಿದ್ದೆ. ಬೆರಳು ಒತ್ತಿ ಹಾಜರಿ ಹಾಕುವ ಯಂತ್ರವೇ ಅದಕ್ಕೆ ಸಾಕ್ಷಿ. ಸುಮ್ಮನೆ ಹೂಂ ಅಂದಿದ್ದರೆ ಕೋಣೆ ನನ್ನದಾಗುತ್ತಿತ್ತು, ಆದರೆ ಆ ಮುಖ ನೋಡಿ ಸುಳ್ಳು ಬಾಯಿಗೆ ಬರಲಿಲ್ಲ. ಅದು ನಾನಲ್ಲರಿ ಅವ್ವಾರ, ಬೇರೆ ಯಾರೋ ಇರಬೇಕು ಎಂದೆ. ಅವರಿಗೆ ಸಿಟ್ಟು ಬಂತು. ನನ್ನ ಕಣ್ಣೇನು ಹೋಗಿದೆಯೇ ಎಂದವರೇ ಮೆಟ್ಟಿಲು ಹತ್ತತೊಡಗಿದರು. ನಾನು ಹಿಂದೆ ಹೋದೆ.

ಮಾಳಿಗೆಯ ಕೋಣೆಯ ಬಾಗಿಲಿಗೆ ಹಿತ್ತಾಳೆಯ ಬೀಗ ಬಿದ್ದಿತ್ತು. ಹಿಡಿದು ಮೇಲೆತ್ತಿ ನೋಡಿದೆ. ತಳದಲ್ಲಿ ಮೂರು ಗೀರು.

ನೀಲಮ್ಮನವರು “ತಗೀ” ಎಂದರು. ಗೊಂಚಲಿನಿಂದ ಆ ಕೀಲಿಕೈ ಆರಿಸಿ ಹಾಕಿದೆ. ತಿರುಗಿತು. ಅಬ್ಬಾರ ಬೀಗಗಳು ತೆರೆದ ಮೇಲೆ ಒಳಗೆ ಒಂದು ಸಣ್ಣ ಸದ್ದು ಮಾಡುತ್ತವೆ, ಚಿಕ್ಕಂದಿನಿಂದ ಕೇಳಿ ಬೆಳೆದ ಆ ಸದ್ದನ್ನೂ ಮಾಡಿತು. ಬಾಗಿಲು ತಳ್ಳಿದರೆ ಗುಡಿಸಿದ ನೆಲ, ಒಂದು ಕಿಟಕಿ, ಕಿಟಕಿಯ ತುಂಬ ಬಿಸಿಲು. ನನಗೆ ಹೆದರಿಕೆ ಆಗಬೇಕಿತ್ತು. ಖರೇ ಹೇಳುತ್ತೇನೆ, ಆದದ್ದು ಸಂತೋಷ, ಅಳು ಬರುವಷ್ಟು ಸಂತೋಷ.

ಆದರೂ ಒಂದು ಮಾತು ಉಳಿದಿತ್ತು. ರಾಜು ಎಂಬುದು ಎಲ್ಲಿ ಹೋಯಿತೋ, ನನ್ನ ಪೂರ್ತಿ ಹೆಸರು ಹೇಳಿದೆ. ಅಬ್ಬಾರ ಹೆಸರನ್ನೂ ಹೇಳಿದೆ. ಆಮೇಲೆ ತಕರಾರು ಬೇಡ, ಈಗಲೇ ಹೇಳಿಬಿಡಿ ಎಂದೆ.

ಅವರು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನನ್ನನ್ನು ನೋಡಿದರು.

“ಹೆಸರು ಹೋದ ಗುರುವಾರ ಹೇಳೀಯಲ್ಲೋ. ಬಾಗಲಾ ತಗದ ಕೂಡ್ಲೇ ಮೊದಲ ಅದನ್ನ ಹೇಳಿದಿ. ಎಷ್ಟ ಸಲ ಹೇಳ್ತಿ? ನಡಿ, ಬಿಸಿ ರೊಟ್ಟಿ ಅದಾವ, ಉಣ್ಣು.”

ಸೋಮವಾರ ಆರಕ್ಕೆ ಹತ್ತು ನಿಮಿಷ ಮೊದಲೇ ನಾನು ಟೇಬಲ್ಲಿನ ಮುಂದಿದ್ದೆ. ಡಾಕ್ಟರು ಗಡಿಯಾರ ನೋಡಿದರು, ನನ್ನನ್ನು ನೋಡಿದರು, ಮೊದಲ ಚೀಟಿ ನನ್ನ ಮುಂದಿಟ್ಟರು. ಆ ಕೋಣೆಯಲ್ಲಿ ಆರು ವರ್ಷ ಇದ್ದೆ. ನಡುವೆ ತಂಗಿಯೂ ಬಂದು, ನನ್ನ ಜೊತೆಗಿದ್ದೇ ನರ್ಸಿಂಗ್ ಮುಗಿಸಿದಳು. ಈದ್ ದಿನ ಅವಳು ಕೆಳಗೆ ಸುರಕುಂಬಾ ಪಾಯಸ ಒಯ್ದರೆ, ಪಾತ್ರೆ ತುಂಬ ಶೇಂಗಾ ಹೋಳಿಗೆ ಹೊತ್ತು ಮೇಲೆ ಬರುತ್ತಿದ್ದಳು. ಲ್ಯಾಬಿನ ಬೆಳಗಿನ ಪಾಳಿಗೆ ಇಂದು ನಾನೇ ಮುಖ್ಯಸ್ಥ.

ವಿಚಾರಣೆ ಮಾಡದೆ ಬಿಟ್ಟೆ ಎಂದುಕೊಳ್ಳಬೇಡಿ. ಮೊದಲ ಅನುಮಾನ ಹಲಸಿಯ ಗೆಳೆಯನ ಮೇಲೆ. ಬೀಗ ಕದ್ದು ತಮಾಷೆ ಮಾಡಿದನೇ ಎಂದು ಕೇಳಿದೆ. ಅವನು ಆ ವಾರ ಗೋವಾದಲ್ಲಿದ್ದ, ಮೇಲಾಗಿ ನನಗಿಂತ ಒಂದು ಮೊಳ ಎತ್ತರ, ಕೆಂಪಗಿನ ಮನುಷ್ಯ. ನೀಲಮ್ಮನವರಿಗೆ ಮರೆವು ಎನ್ನೋಣವೆಂದರೆ, ನಲವತ್ತು ಮನೆಗಳ ರೊಟ್ಟಿಯ ಲೆಕ್ಕ ಅವರ ಬಾಯಲ್ಲೇ ಇರುತ್ತದೆ. ಇಂದಿಗೂ ಕೇಳಿದರೆ ಅದೇ ಮಾತು, ಒಂದಕ್ಷರ ಹಿಂದೆಮುಂದೆ ಇಲ್ಲ. ಕೊನೆಗೆ ಬೀಗವನ್ನು ಖಾನಾಪುರಕ್ಕೆ ಒಯ್ದು ಅಬ್ಬಾರ ಮುಂದಿಟ್ಟು ಎಲ್ಲ ಹೇಳಿದೆ. ಅವರು ಅದರ ಹೊಟ್ಟೆ ಬಿಚ್ಚಿ ನೋಡಿ, ಕೆಲಸ ನನ್ನದೇ ಎಂದು ಎಣ್ಣೆ ಬಿಟ್ಟು ಮುಚ್ಚಿದರು. ಉಳಿದ ಕಥೆಗೆ ಅವರಿಗೆ ಅಚ್ಚರಿಯೇ ಆಗಲಿಲ್ಲ. ಅಷ್ಟು ಒಳ್ಳೆಯ ಬೀಗವನ್ನು ಹಾಸ್ಟೆಲಿನಲ್ಲಿ ಹೇಗೆ ಕಳೆದೆ ಎಂದು ಮಾತ್ರ ಅರ್ಧ ಗಂಟೆ ಬೈದರು.

ನನ್ನನ್ನು ಕಾಡುವುದು ಬೀಗವಲ್ಲ. ಆ ಗುರುವಾರ ನೀಲಮ್ಮನವರ ಬಾಗಿಲಿಗೆ ಯಾರೇ ಬಂದಿರಲಿ, ನಾನು ಮುಚ್ಚಿಡಲು ಹೊರಟಿದ್ದ ಹೆಸರನ್ನು ಅವನು ಕೇಳುವ ಮೊದಲೇ ಹೇಳಿದ್ದ. ಅವನು ಯಾರು ಎಂಬುದು ನನಗೆ ಇಂದಿಗೂ ತಿಳಿದಿಲ್ಲ.

ಕಳೆದ ವರ್ಷ ಒಂದು ದಿನ ರಜೆ ಹಾಕಿ ಮಹಾಂತೇಶ ನಗರದಲ್ಲಿ ಎರಡು ಕೋಣೆಯ ಮನೆ ನೋಡಲು ಹೋದೆ. ಮುಂದೆ ಅಬ್ಬಾ, ಅಮ್ಮಿಯನ್ನೂ ಕರೆತರುವ ವಿಚಾರವಿತ್ತು. ಬಾಗಿಲು ತೆರೆದ ಹಿರಿಯರು ಏನು ಬೇಕು ಎನ್ನುವುದರೊಳಗೆ ನನ್ನ ಪೂರ್ತಿ ಹೆಸರು ಹೇಳಿದೆ. ಅವರು ಬಾಗಿಲು ಪೂರ್ತಿ ಸರಿಸಿ, ಒಳಗೆ ಬನ್ನಿ ಎಂದರು. ಬಾಡಿಗೆ ಕುದುರಿತು. ಮನೆ ಧೂಳಾಗಿತ್ತು, ಕಸಬರಿಗೆ ಇಸಿದುಕೊಂಡು ನಾನೇ ಗುಡಿಸಿದೆ. ಚೀಲದಿಂದ ಅಬ್ಬಾರ ಅದೇ ಹಿತ್ತಾಳೆ ಬೀಗ ತೆಗೆದು ಬಾಗಿಲಿಗೆ ಹಾಕಿ, ಭಾನುವಾರ ಬರುತ್ತೇನೆ ಎಂದೆ. ಮೆಟ್ಟಿಲು ಇಳಿಯುವಾಗ ಹೊತ್ತು ಎಷ್ಟಾಯಿತೆಂದು ಮೊಬೈಲ್ ನೋಡಿದೆ. ಗುರುವಾರ, ಹನ್ನೊಂದು ಗಂಟೆ.